ನಿಂತು ನುಡಿಸಿದವಳು

ಅತ್ತೆ: ಪೂರ್ತಿ ಕೇಳಿದೆ ಕಣೇ. ನೀನು ನುಡಿಸುವಾಗ ಎರಡು ಕೈ, ಎರಡು ಕಾಲು, ನಾಲ್ಕೂ ನಾಲ್ಕು ಕೆಲಸ ಮಾಡ್ತವೆ. ಇವಳದು ಏಳು ನಿಮಿಷವೂ ಒಂದೇ ಬಡಿತ. ಒಮ್ಮೆ ಜೋರಾಗುತ್ತೆ, ಒಮ್ಮೆ ನಿಧಾನ ಆಗುತ್ತೆ, ಅಷ್ಟೆ. ಇಷ್ಟಕ್ಕೇ ಇವಳನ್ನು ದೊಡ್ಡ ಡ್ರಮ್ಮರ್ ಅಂತೀಯಾ?

ಹುಡುಗಿ: ಇಷ್ಟಕ್ಕೇ ಅಂತೀನಿ ಅತ್ತೆ. ಎಲ್ಲರೂ ತುಂಬುವ ಜಾಗದಲ್ಲಿ ಇವಳು ತೆಗೆದುಹಾಕಿದಳು. ನೀವು ಕೇಳಿದ್ದು ವೆಲ್ವೆಟ್ ಅಂಡರ್‌ಗ್ರೌಂಡ್ ಅನ್ನುವ ನ್ಯೂಯಾರ್ಕಿನ ಬ್ಯಾಂಡಿನ 'ಹೆರಾಯಿನ್'. 1967ರ ಮಾರ್ಚಿನಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನದು. ರೆಕಾರ್ಡ್ ಮಾಡಿದ್ದು ಹಿಂದಿನ ವರ್ಷ. ಬರೆದು ಹಾಡಿದವನು ಲೂ ರೀಡ್. ಅಷ್ಟುದ್ದದ ಹಾಡಿಗೆ ಗಿಟಾರಿನಲ್ಲಿ ಇರೋದು ಎರಡೇ ಕಾರ್ಡ್. ಡ್ರಮ್ಸ್ ಮೋ ಟಕರ್. ಪೂರ್ತಿ ಹೆಸರು ಮೊರೀನ್ ಆ್ಯನ್ ಟಕರ್. ಆಗ ಅವಳಿಗೆ ಇಪ್ಪತ್ತೊಂದು.

ಅತ್ತೆ: ಮಧ್ಯೆ ಒಂದು ಕಡೆ ಡ್ರಮ್ಸ್ ನಿಂತೇ ಹೋಯ್ತಲ್ಲ? ಪಿಟೀಲಿನ ಥರದ್ದು ಏನೋ ಕಿರುಚ್ತಾ ಇತ್ತು, ಆಗ.

ಹುಡುಗಿ: ಸರಿಯಾಗಿ ಹಿಡಿದಿರಿ. ಅದು ವಯೋಲಾ, ಜಾನ್ ಕೇಲ್ ನುಡಿಸಿದ್ದು. ಐದು ನಿಮಿಷ ದಾಟಿದ ಮೇಲೆ ಆ ಗದ್ದಲ ಎಷ್ಟಾಯ್ತು ಅಂದ್ರೆ, ಯಾರು ಎಲ್ಲಿದ್ದಾರೆ ಅಂತ ಮೋಗೆ ಕೇಳಿಸಲೇ ಇಲ್ಲ. ಕೈ ನಿಲ್ಲಿಸಿದಳು. ಉಳಿದವರೂ ನಿಲ್ಲಿಸಿ ಮತ್ತೆ ಮೊದಲಿಂದ ಶುರು ಮಾಡ್ತಾರೆ ಅಂದುಕೊಂಡಳು. ಅವರು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಇವಳೇ ಬಂದು ಸೇರಿಕೊಂಡಳು. ಆಲ್ಬಮ್ಮಿಗೆ ಹೋಗಿದ್ದು ಅದೇ ಟೇಕ್. ಇದನ್ನು ಅವಳೇ ಸಂದರ್ಶನಗಳಲ್ಲಿ ಹೇಳಿದ್ದಾಳೆ.

ಅತ್ತೆ: ಹಾಗಾದ್ರೆ ಅದು ತಪ್ಪು.

ಹುಡುಗಿ: ಅವಳ ಮಟ್ಟಿಗೆ ತಪ್ಪು. ನನ್ನ ಕಿವಿಗೆ ಹಾಗಲ್ಲ. ಅಲ್ಲೀತನಕ ಆ ಬಡಿತ ಇದೆ ಅನ್ನೋದೇ ನಮ್ಮ ಗಮನಕ್ಕೆ ಬಂದಿರಲ್ಲ. ನಿಂತ ತಕ್ಷಣ ಉಳಿದ ಮೂವರೂ ದಿಕ್ಕು ತಪ್ಪಿದ ಹಾಗೆ ಕೇಳಿಸುತ್ತೆ. ಅವರನ್ನು ಹಿಡಿದಿಟ್ಟವರು ಯಾರು ಅಂತ ಗೊತ್ತಾಗೋದು ಆಗಲೇ. ನಾನು ಈ ಹಾಡಿನ ಜೊತೆ ನುಡಿಸಲು ನೋಡಿದೀನಿ ಅತ್ತೆ. ಕೈಗೆ ಏನೂ ಕಷ್ಟ ಇಲ್ಲ. ಆದ್ರೆ ಇದರ ಲಯ ಒಂದು ಕಡೆ ನಿಲ್ಲೋದಿಲ್ಲ. ಲೂ ರೀಡ್ ಮಾತನ್ನು ಅವಸರಿಸಿದರೆ ಓಡುತ್ತೆ, ಅವನು ಉಸಿರು ಬಿಟ್ಟರೆ ಇಳಿಯುತ್ತೆ. ಮೆಟ್ರೊನೋಮ್ ಹಾಕಿಕೊಂಡು ಬೆಳೆದ ನನ್ನಂಥವರಿಗೆ ಅದೇ ಬಲು ಕಷ್ಟ. ಹಾಡುವವನ ಬಾಯಿ ನೋಡ್ತಾ, ಅವನು ಎಲ್ಲಿಗೆ ಹೋಗ್ತಾನೆ ಅಂತ ಅರ್ಧ ಕ್ಷಣ ಮೊದಲೇ ತಿಳಿದುಕೊಂಡು ಹೊಡೀಬೇಕು.

ಅತ್ತೆ: ನಾದವೂ ಬೇರೆ ಇದೆ. ನಿನ್ನದರಲ್ಲಿ ಯಾವಾಗಲೂ ಒಂದು ಝಣ್ ಅನ್ನೋದು ಇರುತ್ತೆ. ಇದರಲ್ಲಿ ಅದು ಇಲ್ಲವೇ ಇಲ್ಲ.

ಹುಡುಗಿ: ಅದು ಸಿಂಬಲ್, ಹಿತ್ತಾಳೆಯಂಥ ಲೋಹದ ತಟ್ಟೆ. ಮೋ ಅದನ್ನು ಮುಟ್ಟಿದ್ದೇ ಅಪರೂಪ. ಡ್ರಮ್ಮರ್ ಕೆಲಸ ತಾಳ ಹಿಡಿಯೋದು, ಸಿಂಬಲ್ ಹೊಡೆದರೆ ಹಾಡುವವನ ದನಿ, ಗಿಟಾರು ಎಲ್ಲ ಅದರಡಿ ಮುಚ್ಚಿಹೋಗುತ್ತೆ ಅನ್ನೋದು ಅವಳ ನಿಲುವು. ನೀವು ನನ್ನ ಕಿಟ್ ನೋಡಿದ್ದೀರಲ್ಲ? ನಾನು ಸ್ಟೂಲಿನ ಮೇಲೆ ಕೂತು, ಬಲಗಾಲಿನ ಪೆಡಲಿನಿಂದ ದೊಡ್ಡ ಡ್ರಮ್ಮಿಗೆ ಹೊಡೀತೀನಿ. ಆ ಡ್ರಮ್ಮಿನ ಮುಖ ನೋಡುವವರ ಕಡೆ ಇರುತ್ತೆ. ಅವಳು ಆ ದೊಡ್ಡ ಡ್ರಮ್ಮನ್ನು ಮಲಗಿಸಿಬಿಟ್ಟಳು. ಚರ್ಮ ಆಕಾಶ ನೋಡುವ ಹಾಗೆ. ಸ್ಟೂಲು ಇಲ್ಲ, ಪೆಡಲ್ ಇಲ್ಲ, ಕಾಲಿಗೆ ಕೆಲಸವೇ ಇಲ್ಲ. ನಿಂತುಕೊಂಡು, ತುದಿಗೆ ಮೆತ್ತನೆ ಗುಂಡು ಇರುವ ಮ್ಯಾಲೆಟ್ ಹಿಡಿದು, ಎರಡು ಕೈಯಲ್ಲೂ ಮೇಲಿಂದ ಹೊಡೆದಳು. ಪೆಡಲಿನಲ್ಲಿ ಬರುವ 'ಧಪ್' ಬೇರೆ, ಇಡೀ ತೋಳು ಬೀಸಿ ಹೊಡೆದಾಗ ಬರುವ ಗುಂಗು ಬೇರೆ.

ಅತ್ತೆ: ನಮ್ಮ ಊರ ಹಬ್ಬದಲ್ಲಿ ನಗಾರಿ ಹೊಡೆಯೋರೂ ನಿಂತೇ ಹೊಡೀತಾರೆ.

ಹುಡುಗಿ: ರಾಕ್ ಸಂಗೀತದಲ್ಲಿ ಹಾಗೆ ನಿಂತವರು ಇರಲಿಲ್ಲ ಅಂತಲೇ ಹೇಳಬೇಕು. ಅದರಿಂದ ಆದ ಪರಿಣಾಮ ಕೇಳಿ. ಸಿಂಬಲ್ಲಿನ ಸದ್ದು ಸಂಗೀತದ ಮೇಲ್ಭಾಗವನ್ನೆಲ್ಲ ತುಂಬಿಬಿಡುತ್ತೆ. ಅದು ಇಲ್ಲದಿದ್ದರಿಂದ ಆ ಜಾಗ ಪೂರ್ತಿ ಖಾಲಿ ಉಳೀತು. ಕೇಲ್‌ನ ವಯೋಲಾ ಅಷ್ಟು ಹೊತ್ತು ಒಂದೇ ಸ್ವರವನ್ನು ಎಳೆದು ನಿಲ್ಲಿಸೋದು ಸಾಧ್ಯ ಆಗಿದ್ದು ಈ ಖಾಲಿ ಜಾಗದಲ್ಲಿ. ವಿಮರ್ಶಕರು ವಯೋಲಾ ಬಗ್ಗೆ ಪುಟಗಟ್ಟಲೆ ಬರೀತಾರೆ. ಅದಕ್ಕೆ ಜಾಗ ಬಿಟ್ಟವಳ ಬಗ್ಗೆ ಎರಡು ಸಾಲು ಬರೆದು ಮುಗಿಸ್ತಾರೆ. ಇದು ನನಗೆ ನಿಜವಾಗಿ ನೋವಾಗುವ ವಿಷಯ.

ಅತ್ತೆ: ಆ ಎಳೆದ ಸ್ವರ ನನಗೆ ತಂಬೂರಿ ಶ್ರುತಿ ಇಟ್ಟ ಹಾಗೆ ಕೇಳಿಸ್ತು.

ಹುಡುಗಿ: ಅದಕ್ಕೆ ಕಾರಣವೂ ಇದೆ. ಕೇಲ್ ಈ ಬ್ಯಾಂಡಿಗೆ ಮೊದಲು ಲಾ ಮಾಂಟೆ ಯಂಗ್ ಅನ್ನುವ ಸಂಗೀತಗಾರನ ಜೊತೆ ಇದ್ದವನು. ಯಂಗ್‌ಗೆ ನಮ್ಮ ತಂಬೂರಿಯ ಹುಚ್ಚು ಹಿಡಿಸಿದ್ದು ಅಲಿ ಅಕ್ಬರ್ ಖಾನರ ರೆಕಾರ್ಡು. ಅಲ್ಲಿಂದ ಬಂದದ್ದು ಅದು. ಕೇಲ್ ತನ್ನ ವಯೋಲಾಕ್ಕೆ ಗಿಟಾರಿನ ತಂತಿ ಹಾಕಿ, ಕುದುರೆಯನ್ನು ಉಜ್ಜಿ ಚಪ್ಪಟೆ ಮಾಡಿಕೊಂಡಿದ್ದ, ಒಂದೇ ಸಲ ಹಲವು ತಂತಿಗೆ ಬಿಲ್ಲು ತಾಗಲಿ ಅಂತ.

ಅತ್ತೆ: ಇವಳು ಯಾರ ಹತ್ತಿರ ಕಲಿತಳು?

ಹುಡುಗಿ: ಯಾರ ಹತ್ತಿರವೂ ಇಲ್ಲ. ಹುಟ್ಟಿದ್ದು 1944ರಲ್ಲಿ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಬೆಳೆದಿದ್ದು ಲಾಂಗ್ ಐಲ್ಯಾಂಡಿನ ಲೆವಿಟೌನ್‌ನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸಾಲು ಸಾಲಾಗಿ ಒಂದೇ ಅಚ್ಚಿನ ಮನೆ ಕಟ್ಟಿದ ಊರು ಅದು. ಹತ್ತೊಂಬತ್ತನೇ ವಯಸ್ಸಿಗೆ ಸೆಕೆಂಡ್‌ಹ್ಯಾಂಡ್ ಡ್ರಮ್ಸ್ ಸಿಕ್ಕಿತು. ಕೆಲಸ ಮುಗಿಸಿ ಮನೆಗೆ ಬಂದು, ರೆಕಾರ್ಡ್ ಹಾಕಿಕೊಂಡು ಅದರ ಜೊತೆ ನುಡಿಸೋಳು. ಮನೆಯೇ ಪಾಠಶಾಲೆ. ಅವಳ ಇಬ್ಬರು ಗುರುಗಳೂ ರೆಕಾರ್ಡಿನಲ್ಲೇ ಇದ್ದವರು. ಒಬ್ಬ ನೈಜೀರಿಯಾದ ಬಾಬಾತುಂಡೆ ಒಲಾತುಂಜಿ. 1960ರ 'ಡ್ರಮ್ಸ್ ಆಫ್ ಪ್ಯಾಶನ್' ಅನ್ನುವ ಅವನ ಆಲ್ಬಮ್ಮು ಅಮೆರಿಕದಲ್ಲಿ ಮನೆಮನೆಗೆ ಹೋಯಿತು. ಸಿಂಬಲ್ ಇಲ್ಲದ, ಚರ್ಮದ ಮೇಲೆ ಕೈ ಬೀಳುವ ಸದ್ದು ಅವಳ ಕಿವಿಗೆ ಬಿದ್ದಿದ್ದು ಅಲ್ಲಿ. ಇನ್ನೊಬ್ಬ ಬೋ ಡಿಡ್ಲಿ. 1955ರಲ್ಲಿ ತನ್ನ ಹೆಸರನ್ನೇ ಇಟ್ಟು ಒಂದು ಹಾಡು ಮಾಡಿದ. ಅದರ ತಾಳಕ್ಕೇ ಈಗ ಬೋ ಡಿಡ್ಲಿ ಬೀಟ್ ಅಂತ ಹೆಸರು.

ಅತ್ತೆ: ಹೇಗಿರುತ್ತೆ ಅದು? ಈ ಟೇಬಲ್ ಮೇಲೆ ತಟ್ಟಿ ತೋರಿಸು.

ಹುಡುಗಿ: ನಿಮಗೆ ಕೊನ್ನಕೋಲಿನಲ್ಲೇ ಹೇಳ್ತೀನಿ. ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಒಟ್ಟು ಹದಿನಾರು. ಪ್ರತಿ ಗುಂಪಿನ ಮೊದಲನೇ ಅಕ್ಷರಕ್ಕೆ ಮಾತ್ರ ಪೆಟ್ಟು, ಉಳಿದದ್ದು ಮನಸ್ಸಿನಲ್ಲೇ.

ಅತ್ತೆ: ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಮೊದಲರ್ಧಕ್ಕೆ ಮೂರು ಪೆಟ್ಟು, ಎರಡನೇ ಅರ್ಧಕ್ಕೆ ಎರಡು. ಚೆನ್ನಾಗಿದೆ ಕಣೇ. ಸಮ ಬರೋ ಹೊತ್ತಿಗೆ ಮೈ ತಾನಾಗಿ ಮುಂದಕ್ಕೆ ಬಾಗುತ್ತೆ.

ಹುಡುಗಿ: ಅವಳಿಗೂ ಅದೇ ಆಗಿರಬೇಕು. ಬೋ ಡಿಡ್ಲಿಯ ಬ್ಯಾಂಡಿನಲ್ಲಿ 1950ರ ದಶಕದಲ್ಲೇ ಪೆಗ್ಗಿ ಜೋನ್ಸ್ ಅನ್ನುವ ಹೆಂಗಸು ಗಿಟಾರ್ ನುಡಿಸ್ತಿದ್ದಳು. ಲೇಡಿ ಬೋ ಅಂತಲೇ ಹೆಸರು. ಅವಳನ್ನೂ ಈಗ ಯಾರೂ ನೆನೆಯೋದಿಲ್ಲ.

ಅತ್ತೆ: ಕೆಲಸ ಮುಗಿಸಿ ಬಂದು ನುಡಿಸೋಳು ಅಂದ್ಯಲ್ಲ, ಏನು ಕೆಲಸ?

ಹುಡುಗಿ: ಅದನ್ನು ನಿಮಗೆ ಹೇಳಬೇಕು ಅಂತಲೇ ಇದ್ದೆ. ಐಬಿಎಂನಲ್ಲಿ ಕೀಪಂಚ್ ಆಪರೇಟರ್.

ಅತ್ತೆ: ಹೌದಾ? ಪಂಚ್ ಮಾಡ್ತಿದ್ದಳಾ?

ಹುಡುಗಿ: ನೀವೂ ಅದೇ ಮಾಡಿದವರಲ್ವಾ?

ಅತ್ತೆ: ಅದೇ. ಎಂಬತ್ತು ಕಾಲಂ ಇರುವ ಕಾರ್ಡು, ಒಂದೊಂದು ಕೀ ಒತ್ತಿದಾಗಲೂ ಒಂದೊಂದು ಕಾಲಂನಲ್ಲಿ ತೂತು. ಹಾಲ್ ತುಂಬ ಮೆಷಿನ್ನು, ಎಲ್ಲದರ ಮುಂದೂ ಹೆಂಗಸರು. ತಪ್ಪು ಒತ್ತಿದರೆ ಅಳಿಸೋ ಹಾಗಿಲ್ಲ, ತೂತು ಬಿದ್ದ ಮೇಲೆ ಬಿತ್ತು. ಹೊಸ ಕಾರ್ಡು ಹಾಕಿ, ತಪ್ಪಾದ ಕಾಲಂವರೆಗೂ ನಕಲು ಮಾಡಿಸಿ, ಅಲ್ಲಿಂದ ಮುಂದೆ ಒತ್ತಬೇಕು. ಆಮೇಲೆ ಇನ್ನೊಬ್ಬಳು ವೆರಿಫೈಯರ್ ಮೆಷಿನ್ನಿನಲ್ಲಿ ಅದೇ ಅಂಕಿಗಳನ್ನು ಮತ್ತೆ ಒತ್ತೋಳು. ನನ್ನದೂ ಅವಳದೂ ತಾಳೆ ಆದರೆ ಸರಿ, ಇಲ್ಲದಿದ್ದರೆ ಮೆಷಿನ್ನು ನಿಲ್ಲೋದು. ಒಂದು ವಿಷಯ ಹೇಳ್ತೀನಿ ಕೇಳು. ಆ ಕೆಲಸದಲ್ಲಿ ಬಹಳ ಜೋರಾಗಿ ಒತ್ತೋರು ಗೆಲ್ಲೋದಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೇಗೆ ಒತ್ತಿದಳೋ ಸಂಜೆ ನಾಲ್ಕಕ್ಕೂ ಹಾಗೇ ಒತ್ತೋಳು ಗೆಲ್ಲೋದು. ಪಕ್ಕದ ಮೆಷಿನ್ನಿನ ಸದ್ದು ಕಿವಿಗೆ ಬೀಳ್ತಾನೇ ಇರುತ್ತೆ, ಅದರ ಹಿಂದೆ ನಮ್ಮ ಕೈ ಹೋಗಬಾರದು. ಬಂದ ಹೊಸಬರಿಗೆ ಇದು ಹಿಡಿಯೋಕೆ ತಿಂಗಳುಗಟ್ಟಲೆ ಬೇಕು. ನೋಡಿದವರಿಗೆ ಮಾತ್ರ ಸುಮ್ಮನೆ ಕೀ ಒತ್ತೋ ಕೆಲಸ.

ಹುಡುಗಿ: ನಾನು ಎಷ್ಟೋ ಓದಿದೀನಿ, ಇವಳ ಕೆಲಸವನ್ನೂ ಇವಳ ಡ್ರಮ್ಸನ್ನೂ ಸೇರಿಸಿ ನೋಡಿದವರು ಸಿಕ್ಕಿರಲಿಲ್ಲ.

ಅತ್ತೆ: ಸೇರಿಸಬೇಕು ಅಂತ ನಾನೂ ಹೇಳ್ತಿಲ್ಲ. ಆ ಕೆಲಸ ಗೊತ್ತಿರೋದ್ರಿಂದ ಒಂದು ಮಾತ್ರ ಹೇಳಬಲ್ಲೆ. ಏರುಪೇರಿಲ್ಲದೆ ಹೊತ್ತುಗಟ್ಟಲೆ ಒಂದನ್ನೇ ಮಾಡೋದು ಬರದವರ ಕೆಲಸ ಅಲ್ಲ. ಆದ್ರೂ ಕೇಳ್ತೀನಿ. ಪಾಠ ಆಗಿಲ್ಲ ಅಂತೀಯ. ಸಿಂಬಲ್ ಬೇಡ ಅಂದಳೋ, ಬಾರಿಸಲು ಬರ್ತಿರಲಿಲ್ಲವೋ?

ಹುಡುಗಿ: ಎಲ್ಲರೂ ಕೇಳುವ ಪ್ರಶ್ನೆ ಇದು. ಗಂಡು ಡ್ರಮ್ಮರ್ ಕಡಿಮೆ ನುಡಿಸಿದರೆ ಸಂಯಮ ಅಂತಾರೆ. ರೋಲಿಂಗ್ ಸ್ಟೋನ್ಸ್‌ನ ಚಾರ್ಲಿ ವಾಟ್ಸ್‌ಗೆ ಜೀವನವಿಡೀ ಆ ಹೊಗಳಿಕೆ ಸಿಕ್ಕಿತು, ಸಿಗಬೇಕಾದ್ದೇ. ಮೋಗೂ ಅವನೆಂದರೆ ಇಷ್ಟ. ಅದೇ ಕೆಲಸ ಹೆಂಗಸು ಮಾಡಿದರೆ ಬರ್ತಿರಲಿಲ್ಲ ಅಂತಾರೆ.

ಅತ್ತೆ: ಅದು ನಿಜ ಇರಬಹುದು, ನನ್ನ ಪ್ರಶ್ನೆಗೆ ಉತ್ತರ ಆಗಲಿಲ್ಲ.

ಹುಡುಗಿ: ಉತ್ತರ ಹೇಳ್ತೀನಿ. ಪಾಠ ಆಗದ ಎಲ್ಲರೂ ಮೊದಲು ಮಾಡೋದು ಏನು ಗೊತ್ತಾ? ತಮಗಿಂತ ಚೆನ್ನಾಗಿ ನುಡಿಸುವವರ ಅನುಕರಣೆ. ಬರದಿದ್ದರೂ ಸಿಂಬಲ್ ಹೊಡೀತಾರೆ. ಬರದೇ ಇದ್ದದ್ದೇ ಕಾರಣ ಆಗಿದ್ದರೆ ಇವಳ ಡ್ರಮ್ಮು ಕೆಟ್ಟದಾಗಿ ನುಡಿಸಿದ ಮಾಮೂಲಿ ರಾಕ್ ಡ್ರಮ್ಮಿನ ಹಾಗೆ ಕೇಳಿಸಬೇಕಿತ್ತು. ಹಾಗೆ ಕೇಳಿಸೋದಿಲ್ಲ. ದೊಡ್ಡ ಡ್ರಮ್ಮನ್ನು ಮಲಗಿಸಬೇಕು, ಪೆಡಲ್ ತೆಗೀಬೇಕು, ನಿಲ್ಲಬೇಕು, ಕೋಲು ಬದಲಿಸಬೇಕು. ಇಷ್ಟೂ ಯೋಚಿಸಿ ಮಾಡಿದ ಕೆಲಸ. ಆಮೇಲೆ ಆ ದಾರಿಯಲ್ಲೇ ಇದ್ದಳು. 1993ರಲ್ಲಿ ಬ್ಯಾಂಡು ಮತ್ತೆ ಸೇರಿ ಯುರೋಪಿನಲ್ಲೆಲ್ಲ ನುಡಿಸಿದಾಗಲೂ ಅವಳು ನಿಂತೇ ಇದ್ದಳು.

ಅತ್ತೆ: ಸರಿ, ಇದನ್ನು ಒಪ್ಪಿದೆ. ಬ್ಯಾಂಡಿಗೆ ಸೇರಿದ್ದು ಹೇಗೆ?

ಹುಡುಗಿ: ಸಂಭಾವನೆ ವಿಷಯದ ಜಗಳದಿಂದ ಅನ್ನಬೇಕು. ಮೊದಲು ಅಂಗಸ್ ಮಕ್ಲೀಸ್ ಅನ್ನುವವನು ನುಡಿಸ್ತಿದ್ದ. ಕವಿ, ತನ್ನ ಮನಸ್ಸು ಬಂದಾಗ ಶುರು ಮಾಡಿ ಮನಸ್ಸು ಬಂದಾಗ ನಿಲ್ಲಿಸುವವನು. 1965ರ ಡಿಸೆಂಬರಿನಲ್ಲಿ ಬ್ಯಾಂಡಿಗೆ ಮೊದಲ ಸಂಭಾವನೆಯ ಕಾರ್ಯಕ್ರಮ ಸಿಕ್ತು. ನ್ಯೂಜೆರ್ಸಿಯ ಸಮಿಟ್ ಹೈಸ್ಕೂಲು, 75 ಡಾಲರ್. ದುಡ್ಡು ಕೊಟ್ಟವರು ಹೇಳಿದ ಹೊತ್ತಿಗೆ ಶುರು ಮಾಡಿ, ಹೇಳಿದ ಹೊತ್ತಿಗೆ ನಿಲ್ಲಿಸಬೇಕು ಅಂದಾಗ ಮಕ್ಲೀಸ್ ಬಿಟ್ಟು ಹೋದ. ಅವನು ತೀರಿಕೊಂಡದ್ದು 1979ರಲ್ಲಿ, ಕಠ್ಮಂಡುವಿನಲ್ಲಿ. ಗಿಟಾರಿನ ಸ್ಟರ್ಲಿಂಗ್ ಮಾರಿಸನ್‌ಗೆ ಮೋ ಅಣ್ಣನ ಪರಿಚಯ. ಅವನ ತಂಗಿ ಡ್ರಮ್ಸ್ ನುಡಿಸ್ತಾಳಲ್ಲ ಅಂತ ನೆನಪಾಯಿತು. ಲೂ ರೀಡ್ ಮನೆಗೆ ಬಂದು ಕೇಳಿದ, ಕರೆದುಕೊಂಡರು. ಡಿಸೆಂಬರ್ 11ಕ್ಕೆ ಕಾರ್ಯಕ್ರಮ. ಹೈಸ್ಕೂಲಿನ ಮಕ್ಕಳ ಮುಂದೆ 'ಹೆರಾಯಿನ್' ನುಡಿಸಿದರೆ ಏನಾಗುತ್ತೆ? ಜನ ಎದ್ದು ಹೊರಟರು.

ಅತ್ತೆ: ಹುಡುಗಿ ಬೇಡ ಅನ್ನಲಿಲ್ಲವಾ ಯಾರೂ?

ಹುಡುಗಿ: ಅಂದರು. ಜಾನ್ ಕೇಲ್‌ಗೆ ಮೊದಲು ಸರಿಬರಲಿಲ್ಲ. ಆ ಒಂದು ಕಾರ್ಯಕ್ರಮಕ್ಕೆ ಅಂತ ಕರೆದದ್ದು, ಆಮೇಲೆ ಬಿಡಲು ಅವರಿಗೇ ಆಗಲಿಲ್ಲ. ಅಲ್ಲಿಂದ ಗ್ರೀನಿಚ್ ವಿಲೇಜಿನ ಕೆಫೆ ಬಿಜಾರ್‌ಗೆ ಹೋದರು. ಅಲ್ಲಿ ಡ್ರಮ್ಸ್ ಸದ್ದು ಬೇಡ ಅಂದರು, ಮೋ ಟ್ಯಾಂಬರಿನ್ ಹಿಡಿದು ನಿಂತಳು. ಚಿತ್ರಕಾರ ಆಂಡಿ ವಾರ್ಹಾಲ್ ಇವರನ್ನು ನೋಡಿದ್ದು ಅಲ್ಲಿ. 1966ರಲ್ಲಿ ಅವನ ದೊಡ್ಡ ಪ್ರದರ್ಶನಕ್ಕೆ ಇವರೇ ಸಂಗೀತ. ಗೋಡೆ ತುಂಬ ಸಿನಿಮಾ, ಬಣ್ಣಬಣ್ಣದ ದೀಪ, ಚಾಟಿ ಹಿಡಿದು ಕುಣಿಯುವವರು, ನಡುವೆ ಇವರ ಗದ್ದಲ. ಆ ವರ್ಷ ಒಂದು ಸಲ ಅವಳ ಡ್ರಮ್ಸ್ ಕಳವಾಯಿತು. ಬೀದಿಯಲ್ಲಿದ್ದ ಕಸದ ಡಬ್ಬಗಳನ್ನು ತಂದು, ಬೋರಲು ಹಾಕಿ, ಅಡಿಯಲ್ಲಿ ಮೈಕ್ ಇಟ್ಟು ನುಡಿಸಿದಳು. ಪ್ರತಿ ಕಾರ್ಯಕ್ರಮ ಮುಗಿದ ಮೇಲೂ ಡಬ್ಬದಿಂದ ಉದುರಿದ ಕಸ ರಾಶಿ ಬಿದ್ದಿರೋದಂತೆ, ಗುಡಿಸಬೇಕಿತ್ತಂತೆ.

ಅತ್ತೆ: ಹೆಂಗಸರಲ್ಲಿ ಇವಳೇ ಮೊದಲಾ?

ಹುಡುಗಿ: ಮೊದಲು ಅನ್ನೋದು ಸರಿಯಲ್ಲ. ಜಾಝ್‌ನಲ್ಲಿ ವಯೋಲಾ ಸ್ಮಿತ್ ಇದ್ದಳು. ಹುಡುಗಿಯರಿಗೂ ಅವಕಾಶ ಕೊಡಿ ಅಂತ 1942ರಲ್ಲೇ 'ಡೌನ್ ಬೀಟ್' ಪತ್ರಿಕೆಯಲ್ಲಿ ಬರೆದಳು, 107 ವರ್ಷ ಬದುಕಿ 2020ರಲ್ಲಿ ತೀರಿಕೊಂಡಳು. ಲಿವರ್‌ಪೂಲಿನ ಲಿವರ್‌ಬರ್ಡ್ಸ್ ಪೂರ್ತಿ ಹುಡುಗಿಯರ ಬ್ಯಾಂಡು, ಡ್ರಮ್ಸ್ ಸಿಲ್ವಿಯಾ ಸಾಂಡರ್ಸ್. 1964ರಲ್ಲಿ ಲಂಡನ್ನಿನ ಹನಿಕೋಂಬ್ಸ್ ಬ್ಯಾಂಡಿನ 'ಹ್ಯಾವ್ ಐ ದ ರೈಟ್' ಬ್ರಿಟನ್ನಿನಲ್ಲಿ ಮೊದಲನೇ ಸ್ಥಾನಕ್ಕೆ ಹೋಯಿತು. ಅದರಲ್ಲಿ ಡ್ರಮ್ಸ್ ಹನಿ ಲ್ಯಾಂಟ್ರಿ. ಚೆನ್ನಾಗಿ ನುಡಿಸ್ತಿದ್ದಳು. ಆದ್ರೆ ಪತ್ರಿಕೆಗಳಿಗೆ ಅವಳ ಕೂದಲೇ ಸುದ್ದಿ. ನಿಜವಾಗಿ ಅವಳೇ ನುಡಿಸ್ತಾಳಾ ಅಂತ ಅನುಮಾನ ಪಟ್ಟವರೂ ಇದ್ದರು. ಮೋ ವಿಷಯದಲ್ಲಿ ಬೇರೆ ಆಯಿತು. ಗಿಡ್ಡ ಕೂದಲು, ಸಾದಾ ಶರ್ಟು, ಪ್ಯಾಂಟು. ನೋಡಿದವರಿಗೆ ಹುಡುಗನೋ ಹುಡುಗಿಯೋ ಅಂತ ಗೊತ್ತಾಗ್ತಿರಲಿಲ್ಲ. ಆದ್ದರಿಂದ ಮೊದಲು ಸದ್ದನ್ನೇ ಕೇಳಬೇಕಾಯಿತು. ಇವತ್ತಿಗೂ ನಾನು ಕಾರ್ಯಕ್ರಮಕ್ಕೆ ಹೋದ್ರೆ ಸೌಂಡ್ ನೋಡಿಕೊಳ್ಳೋರು ಮೈಕ್ ತಂದು ನನ್ನ ಮುಂದೆ ಇಡ್ತಾರೆ, ಹಾಡೋರು ನೀವೇ ಅಲ್ವಾ ಅಂತ. ಅರವತ್ತು ವರ್ಷ ಆಗ್ತಾ ಬಂತು.

ಅತ್ತೆ: ಇವಳು ಹಾಡಲಿಲ್ಲವಾ?

ಹುಡುಗಿ: ಹಾಡಿದಳು. 1969ರ ಮೂರನೇ ಆಲ್ಬಮ್ಮಿನ ಕೊನೆಯ ಹಾಡು 'ಆಫ್ಟರ್ ಅವರ್ಸ್'. ಬರೆದವನು ಲೂ ರೀಡೇ. ಅಷ್ಟು ಮುಗ್ಧವಾದ ಹಾಡನ್ನು ತಾನು ಹಾಡಿದರೆ ಯಾರೂ ನಂಬೋದಿಲ್ಲ ಅಂತ ಇವಳಿಗೆ ಕೊಟ್ಟ. ತರಬೇತಿ ಇಲ್ಲದ, ಸ್ವಲ್ಪ ಹೆದರಿದ ದನಿ. ಸ್ವರ ಎಲ್ಲೆಲ್ಲೋ ಅಳುಕುತ್ತೆ, ಆದ್ರೆ ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕಿಂತ ಹೆಚ್ಚು ನೀವು ಕೇಳಬೇಕಾದ್ದು ಹಿಂದಿನ ವರ್ಷದ 'ಸಿಸ್ಟರ್ ರೇ'. ಹದಿನೇಳು ನಿಮಿಷ ದಾಟುತ್ತೆ. ಒಂದೇ ಟೇಕ್, ಏನಾದರೂ ಆಗಲಿ ಅದನ್ನೇ ಇಟ್ಟುಕೊಳ್ಳೋದು ಅಂತ ಮೊದಲೇ ಮಾತಾಗಿತ್ತು. ಎರಡು ಗಿಟಾರು, ಒಂದು ಆರ್ಗನ್. ಬೇಸ್ ಗಿಟಾರ್ ಇಲ್ಲ. ಮೂವರೂ ಒಬ್ಬರನ್ನೊಬ್ಬರು ಮೀರಿಸಬೇಕು ಅಂತ ಆಂಪ್ಲಿಫೈಯರ್ ಏರಿಸ್ತಾ ಹೋಗ್ತಾರೆ. ಆಂಪ್ಲಿಫೈಯರ್ ಇಲ್ಲದವಳು ಇವಳೊಬ್ಬಳೇ. ಕೆಳಗಿನ ನೆಲ ಪೂರ್ತಿ ಇವಳ ಎರಡು ತೋಳು. ಹದಿನೇಳು ನಿಮಿಷ ಆ ತೋಳು ಬಿದ್ದುಹೋಗಲಿಲ್ಲ. ಹೊಗಳುವವರೆಲ್ಲ ಆ ಮೂವರ ಧೈರ್ಯ ಹೊಗಳ್ತಾರೆ.

ಅತ್ತೆ: ಮತ್ತೆ ಬಿಟ್ಟಿದ್ದು ಯಾಕೆ? ಇಷ್ಟೆಲ್ಲ ಇದ್ದವಳ ಹೆಸರು ನಡುವೆ ಇಪ್ಪತ್ತು ವರ್ಷ ಕೇಳಲೇ ಇಲ್ಲ ಅಂತ ನೀನೇ ಮೊನ್ನೆ ಅಂದೆ.

ಹುಡುಗಿ: 1970ರಲ್ಲಿ ಬಸುರಿ ಆದಳು. ನಾಲ್ಕನೇ ಆಲ್ಬಮ್ 'ಲೋಡೆಡ್' ರೆಕಾರ್ಡ್ ಆಗುವ ಹೊತ್ತು. ದೊಡ್ಡ ಡ್ರಮ್ಮಿನ ಮೇಲೆ ಬಾಗಿ ಹೊಡೆಯೋಕೆ ಹೊಟ್ಟೆ ಅಡ್ಡ ಬರೋದು. ಅವರು ಕಾಯಲಿಲ್ಲ. ಬೇಸ್ ನುಡಿಸುವ ಡಗ್ ಯೂಲ್, ಅವನ ತಮ್ಮ ಬಿಲ್ಲಿ, ಇನ್ನೂ ಒಂದಿಬ್ಬರು ಸೇರಿ ಡ್ರಮ್ಸ್ ಮುಗಿಸಿದರು. ಆದ್ರೂ ಆಲ್ಬಮ್ಮಿನ ಮೇಲೆ ಅವಳ ಹೆಸರು ಹಾಕಿದರು. ಮಗಳು ಹುಟ್ಟಿದ್ದು ಆ ವರ್ಷದ ಜೂನಿನಲ್ಲಿ.

ಅತ್ತೆ: ಕೆಲವು ತಿಂಗಳು ಕಾಯಲಿಕ್ಕಾಗಲಿಲ್ಲ.

ಹುಡುಗಿ: ಕಾಯಬೇಕಿತ್ತು ಅಂತ ಅವರಿಗೂ ಆಮೇಲೆ ಅನ್ನಿಸಿತು.

ಅತ್ತೆ: ಆಮೇಲೆ ಅನ್ನಿಸಿದ್ದು ಅವಳಿಗೇನು ಬಂತು? ನಾವು ಪಂಚ್ ಮಾಡ್ತಿದ್ದ ಕಾಲಕ್ಕೆ ಹೆರಿಗೆ ರಜೆ ಕಾಯಿದೆಯಲ್ಲಿ ಇತ್ತು. 1961ರ ಕಾಯಿದೆ, ಹನ್ನೆರಡು ವಾರ. ಬೇರೆಯವರು ಮುಖ ಗಂಟಿಕ್ಕಲಿ, ಏನಾದ್ರೂ ಅನ್ನಲಿ, ವಾಪಸ್ ಹೋದಾಗ ಮೆಷಿನ್ನು ಮುಂದೆ ಕುರ್ಚಿ ಇರೋದು. ಬ್ಯಾಂಡಿನಲ್ಲಿ ಅದನ್ನು ಯಾರು ಕೇಳಬೇಕು?

ಹುಡುಗಿ: ವಾಪಸ್ ಹೋದಳು ಅತ್ತೆ. ಆದ್ರೆ ಆಗಸ್ಟಿನಲ್ಲಿ ಲೂ ರೀಡ್ ಬಿಟ್ಟಿದ್ದ, ಆಮೇಲೆ ಮಾರಿಸನ್ ಹೋದ. ಉಳಿದದ್ದು ಹೆಸರು ಮಾತ್ರ. ಸ್ವಲ್ಪ ಕಾಲ ನುಡಿಸಿ ಇವಳೂ ಬಿಟ್ಟಳು. ಐದು ಮಕ್ಕಳಾದರು. ಮದುವೆ ಮುರಿಯಿತು. ಮಕ್ಕಳನ್ನು ಕಟ್ಟಿಕೊಂಡು ಜಾರ್ಜಿಯಾದ ಡಗ್ಲಸ್ ಅನ್ನುವ ಊರಿಗೆ ಬಂದಳು. ಅಲ್ಲಿ ವಾಲ್‌ಮಾರ್ಟಿನ ಗೋದಾಮಿನಲ್ಲಿ ಕೆಲಸ. ಇಲ್ಲಿಗೆ ಬಂದ್ರೆ ಎಲ್ಲ ಲೇಖನಗಳೂ ಒಂದೇ ಥರ ಅಳೋಕೆ ಶುರು ಮಾಡ್ತವೆ, ನನಗೆ ಹಿಡಿಸೋದೇ ಇಲ್ಲ. ಡ್ರಮ್ಸ್ ಬಗ್ಗೆ ಎರಡು ಸಾಲು, ಗೋದಾಮಿನ ಬಗ್ಗೆ ಇಪ್ಪತ್ತು ಸಾಲು. ಗಂಡಸರ ಕಥೆಯಲ್ಲಿ ಹಾಗೆ ಬರೀತಾರಾ? ಅವಳ ಸಂಗೀತದ ಮಾತಾಡಿ, ಮಿಕ್ಕದ್ದು ಅವಳ ಸ್ವಂತ ವಿಷಯ ಅಂತ ನನ್ನ ವಾದ.

ಅತ್ತೆ: ನಾನು ಅದನ್ನು ಒಪ್ಪೋದಿಲ್ಲ ಕಣೇ. ಅಳಬೇಡಿ ಅನ್ನು, ಸರಿ. ಆದ್ರೆ ಬಿಟ್ಟುಬಿಡಿ ಅನ್ನಬೇಡ. ಐದು ಮಕ್ಕಳಿಗೆ ಊಟ ಹಾಕಿದ ವರ್ಷಗಳನ್ನು ಕತ್ತರಿಸಿ ತೆಗೆದರೆ ಉಳಿಯೋದು ಏನು? ಐದಾರು ವರ್ಷ ಮಿಂಚಿ ಮಾಯವಾದ ಒಂದು ಹುಡುಗಿ. ಅವಳು ಮಾಯ ಆಗಲಿಲ್ಲವಲ್ಲ, ದುಡೀತಿದ್ದಳು. ನೀನು ಸಂಗೀತ ಅನ್ನೋದನ್ನು ವೇದಿಕೆ ಹತ್ತಿದ ದಿನಗಳಿಗೆ ಮಾತ್ರ ಲೆಕ್ಕ ಹಾಕ್ತಿದೀಯ.

ಹುಡುಗಿ: ಆ ವರ್ಷಗಳಲ್ಲಿ ಸಂಗೀತ ಬೇರೆ ಕಡೆ ಏನು ಮಾಡ್ತಿತ್ತು ಅನ್ನೋದು ನನಗೆ ಮುಖ್ಯ. 1968ರಲ್ಲಿ ಚೆಕ್ ನಾಟಕಕಾರ ವಾಕ್ಲಾವ್ ಹಾವೆಲ್ ನ್ಯೂಯಾರ್ಕಿಗೆ ಹೋಗಿದ್ದವನು ಇವರ ರೆಕಾರ್ಡು ಪ್ರಾಗಿಗೆ ತಂದ. ಅಲ್ಲಿ ಪ್ಲಾಸ್ಟಿಕ್ ಪೀಪಲ್ ಅನ್ನುವ ಬ್ಯಾಂಡು ಇವರ ಹಾಡು ನುಡಿಸ್ತಾ ಬೆಳೆಯಿತು. 1976ರಲ್ಲಿ ಕಮ್ಯುನಿಸ್ಟ್ ಸರ್ಕಾರ ಆ ಹುಡುಗರನ್ನು ಜೈಲಿಗೆ ಹಾಕಿತು. ಅದನ್ನು ವಿರೋಧಿಸಿ ಎದ್ದವರಿಂದ ಮರುವರ್ಷ 'ಚಾರ್ಟರ್ 77' ಅನ್ನುವ ಹಕ್ಕುಗಳ ಘೋಷಣೆ ಬಂತು, ಅದರ ಮುಂದಾಳುಗಳಲ್ಲಿ ಒಬ್ಬನಾದ ಹಾವೆಲ್ ಕೊನೆಗೆ ದೇಶದ ಅಧ್ಯಕ್ಷ ಆದ. ಆ ಬಡಿತ ಕೇಳಿದ ಜನ ಜೈಲಿಗೆ ಹೋಗ್ತಿದ್ದರು, ಬಡಿದವಳು ಮಕ್ಕಳನ್ನು ಬೆಳೆಸ್ತಿದ್ದಳು.

ಅತ್ತೆ: ನೋಡು, ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಿದೆ. ನಾನು ಕೇಳಿದ್ದೂ ಅದನ್ನೇ.

ಹುಡುಗಿ: ಇರಬಹುದು. ಅವಳೇ ಆ ಗೋದಾಮಿನ ಕಾಲವನ್ನು ಹಾಡು ಮಾಡಿದಳು, ಅದನ್ನು ನಾನು ಹೇಳಲೇಬೇಕು. 1989ರಲ್ಲಿ 'ಲೈಫ್ ಇನ್ ಎಕ್ಸೈಲ್ ಆಫ್ಟರ್ ಅಬ್ಡಿಕೇಶನ್' ಅಂತ ಆಲ್ಬಮ್ ಬಂತು. ಅದರಲ್ಲಿ 'ಸ್ಪ್ಯಾಮ್ ಅಗೇನ್' ಅನ್ನುವ ಹಾಡು. ಸಂಬಳ ಸಾಲದೆ ಮತ್ತೆ ಅದೇ ಡಬ್ಬದ ಮಾಂಸ ತಿನ್ನುವ ಮನೆಯ ಹಾಡು. ಆ ಆಲ್ಬಮ್ಮಿಗೆ ಲೂ ರೀಡ್ ಬಂದು ಗಿಟಾರ್ ನುಡಿಸಿದ, ಸೋನಿಕ್ ಯೂತ್ ಅನ್ನುವ ಬ್ಯಾಂಡಿನವರು ಬಂದರು. ಆ ಬ್ಯಾಂಡಿನವರೆಲ್ಲ ಇವಳ ಡ್ರಮ್ಸ್ ಕೇಳಿ ಬೆಳೆದ ಮಕ್ಕಳು. ಅದೇ ವರ್ಷ ರೀಡ್‌ನ 'ನ್ಯೂಯಾರ್ಕ್' ಆಲ್ಬಮ್ಮಿನ ಎರಡು ಹಾಡಿಗೆ ಇವಳು ನುಡಿಸಿದಳು. ಯುರೋಪಿನ ಪ್ರವಾಸಕ್ಕೆ ಕರೆ ಬಂದಾಗ ವಾಲ್‌ಮಾರ್ಟ್ ಕೆಲಸ ಬಿಟ್ಟಳು.

ಅತ್ತೆ: ಐದು ಮಕ್ಕಳ ತಾಯಿ ಸಂಬಳದ ಕೆಲಸ ಬಿಡೋದು ಅಂದ್ರೆ ಸಣ್ಣದಲ್ಲ. ಅದನ್ನು ಯಾವ ಲೇಖನದಲ್ಲಾದರೂ ಬರೆದಿದ್ದಾರಾ?

ಹುಡುಗಿ: ಒಂದು ಸಾಲಿನಲ್ಲಿ. 1990ರಲ್ಲಿ ಪ್ಯಾರಿಸ್ ಹತ್ತಿರ ವಾರ್ಹಾಲ್ ನೆನಪಿನ ಪ್ರದರ್ಶನ ಇತ್ತು, ಮೊದಲಿನ ನಾಲ್ವರೂ ಬಂದಿದ್ದರು. ತಯಾರಿ ಇಲ್ಲದೆ ಒಂದೇ ಹಾಡು ನುಡಿಸಿದರು, 'ಹೆರಾಯಿನ್'. ಮೂರು ವರ್ಷದ ಮೇಲೆ ಪೂರ್ತಿ ಪ್ರವಾಸ, ಪ್ರಾಗಿನಲ್ಲೂ ನುಡಿಸಿದರು. 1995ರಲ್ಲಿ ಮಾರಿಸನ್ ತೀರಿಕೊಂಡ. ಮರುವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬ್ಯಾಂಡನ್ನು ಸೇರಿಸಿದಾಗ ಉಳಿದ ಮೂವರು ಅವನಿಗಾಗಿ ಒಂದು ಹಾಡು ಕಟ್ಟಿ ಹಾಡಿದರು.

ಅತ್ತೆ: ಇವಳ ಥರ ನುಡಿಸೋರು ಆಮೇಲೆ ಬಂದರಾ?

ಹುಡುಗಿ: 1985ರಲ್ಲಿ ಜೀಸಸ್ ಅಂಡ್ ಮೇರಿ ಚೈನ್ ಅನ್ನುವ ಸ್ಕಾಟ್ಲೆಂಡಿನ ಬ್ಯಾಂಡಿನ ಬಾಬಿ ಗಿಲೆಸ್ಪಿ ಎರಡೇ ಡ್ರಮ್ಮು ಇಟ್ಟುಕೊಂಡು ನಿಂತು ಬಾರಿಸಿದ. ಅವನ ಕೈಯಲ್ಲಿ ಇವಳು ಸ್ಪಷ್ಟವಾಗಿ ಕಾಣ್ತಾಳೆ. ಅದು ನನಗೆ ಬಹಳ ಇಷ್ಟ ಅತ್ತೆ. ಹುಡುಗಿಯರಿಗೆ ದಾರಿ ಮಾಡಿದಳು ಅಂತ ಎಲ್ಲರೂ ಹೇಳ್ತಾರೆ, ಮಾಡಿದಳು. ಆದ್ರೆ ಒಬ್ಬ ಗಂಡಸು ರಾಕ್ ಡ್ರಮ್ಸ್ ಹೀಗೆ ನುಡಿಸಬೇಕು ಅಂತ ಕಲಿತದ್ದು ಇವಳಿಂದ. ಅದನ್ನೇ ಪ್ರಭಾವ ಅನ್ನೋದು.

ಅತ್ತೆ: ಬ್ಯಾಂಡು ಬಿಟ್ಟ ಮೇಲಿಂದ ಈ 1989ರವರೆಗೂ ಅವಳು ಏನೂ ನುಡಿಸಲೇ ಇಲ್ಲವಾ? ನನಗೆ ನಂಬಿಕೆ ಬರ್ತಿಲ್ಲ.

ಹುಡುಗಿ: ಒಂದು ಇದೆ, ಅದನ್ನು ಬಿಟ್ಟೆ. ಎಂಬತ್ತರ ದಶಕದ ಶುರುವಿನಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿದ್ದಾಗ ಮನೆಯಲ್ಲೇ ಒಂದು ಆಲ್ಬಮ್ ಮಾಡಿದಳು, 'ಪ್ಲೇಯಿನ್ ಪಾಸಮ್'. ದೊಡ್ಡ ಸ್ಟುಡಿಯೋ ಇಲ್ಲ, ದೊಡ್ಡ ಕಂಪನಿ ಇಲ್ಲ, ತಾನೇ ಹೊರತಂದಳು. ಅದರಲ್ಲಿ ಎಲ್ಲ ವಾದ್ಯವೂ ಅವಳದೇ. ಒಂದನ್ನು ಟೇಪಿಗೆ ಹಾಕಿ, ಅದನ್ನು ಕೇಳ್ತಾ ಅದರ ಮೇಲೆ ಇನ್ನೊಂದು. ವಿವಾಲ್ಡಿಯದೂ ಒಂದಿದೆ.

ಅತ್ತೆ: ಮಕ್ಕಳಿರೋ ಮನೆಯಲ್ಲಿ. ಇದನ್ನು ಮೊದಲೇ ಹೇಳಬೇಕಿತ್ತು ನೀನು. ಮತ್ತೇನಿದೆ ಅದರಲ್ಲಿ?

ಹುಡುಗಿ: 'ಹೆರಾಯಿನ್' ಇದೆ.

ಅತ್ತೆ: ಅದೇ ಹಾಡಾ? ಒಬ್ಬಳೇನಾ?

ಹುಡುಗಿ: ಒಬ್ಬಳೇ. 'ಬೋ ಡಿಡ್ಲಿ'ಯೂ ಇದೆ. ಜೊತೆಗೆ 'ಎಲಾಸ್' ಅಂತ ಒಂದು. ಅದು ಬೋ ಡಿಡ್ಲಿಗೆ ಅವನ ಮನೆಯವರು ಇಟ್ಟ ಹೆಸರು.

ಅತ್ತೆ: ಆ ತಕಿಟ ತಕಿಟದ್ದು. ಅದಕ್ಕೆ ಗಿಟಾರು ಯಾರು ನುಡಿಸಿದ್ದು?

ಹುಡುಗಿ: ಗಿಟಾರೂ ಅವಳೇ, ಡ್ರಮ್ಸೂ ಅವಳೇ.